ಹೆಸರು ಬದಲಾಯಿತು, ಗ್ರಾಂ ಬದಲಾಗಲಿಲ್ಲ

ಪಶು ಆಹಾರ ತಯಾರಿಸುವ ಒಂದು ಮಿಲ್‌ನ ಲ್ಯಾಬ್‌ನಲ್ಲಿ ನಾನು ಆರು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಎರಡು ಥರದ ತೂಕ ಇತ್ತು. ಮೆಕ್ಕೆಜೋಳ, ಸೋಯಾ, ತೌಡು ತೂಗುವ ದೊಡ್ಡ ಹಾಪರ್ ಒಂದು. ಅದರಲ್ಲಿ ಒಂದೆರಡು ಕಿಲೋ ಹೆಚ್ಚುಕಡಿಮೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು, ಯಾವಾಗಲೂ ಬಾಗಿಲು ಹಾಕಿರುತ್ತಿದ್ದ ಸಣ್ಣ ಕೋಣೆಯ ತಕ್ಕಡಿ. ಅಲ್ಲಿ ಎಲ್ಲವೂ ಗ್ರಾಂ ಲೆಕ್ಕ. ವಿಟಮಿನ್, ಸತು, ಸೆಲೆನಿಯಂ, ಕಿಣ್ವ, ಬೂಷ್ಟು ಬರದಂತೆ ತಡೆಯುವ ಆಮ್ಲ, ಕೋಳಿ ಕರುಳಿನ ರೋಗ ತಡೆಯುವ ಔಷಧಿ, ಎಲ್ಲ ಅಲ್ಲೇ. ಇವನ್ನೇ ಫೀಡ್ ಅಡಿಟಿವ್ ಅನ್ನುತ್ತಾರೆ. ಒಂದು ಟನ್‌ಗೆ ಒಂದು ಗ್ರಾಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ, ಚೀಲ ಬಿಚ್ಚಿ ನೋಡಿದ ರೈತನಿಗೆ ಗೊತ್ತಾಗುವ ದಾರಿಯೇ ಇಲ್ಲ. ಇದಕ್ಕೆ ಸರ್ಕಾರದ ಕಾನೂನು ಬೇಕು ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ರೈತನ ಕೈಯಲ್ಲಿ ಇರುವುದು ಚೀಲದ ಮೇಲಿನ ಚೀಟಿ ಮಾತ್ರ, ಅಲ್ವಾ?

ಆ ಚೀಟಿಯ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ.

ಮೊನೆನ್ಸಿನ್ ಅಂತ ಒಂದು ವಸ್ತು ಇದೆ. ಕೋಳಿಗಳಿಗೆ ಕೋಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಬರದಿರಲಿ ಅಂತ ಆಹಾರದಲ್ಲಿ ಬೆರೆಸುತ್ತಾರೆ, ಒಂದು ಟನ್‌ಗೆ ಸುಮಾರು 100 ಗ್ರಾಂ. ಕೋಳಿಗೆ ಅದರಿಂದ ತೊಂದರೆ ಇಲ್ಲ. ಆದರೆ ಕುದುರೆಗೆ ಅದು ವಿಷ. ಕುದುರೆಯ ಮೈತೂಕದ ಪ್ರತಿ ಕಿಲೋಗೆ 2-3 ಮಿಲಿಗ್ರಾಂ ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ. ಹೃದಯದ ಸ್ನಾಯು ಹಾಳಾಗುತ್ತದೆ. ಲೆಕ್ಕ ಹಾಕಿ ನೋಡಿ: 500 ಕಿಲೋ ಕುದುರೆಗೆ ಒಂದು ಗ್ರಾಂ ಸಾಕು, ಮತ್ತು ಆ ಒಂದು ಗ್ರಾಂ ಹತ್ತು ಕಿಲೋ ಕೋಳಿ ಆಹಾರದಲ್ಲಿ ಇರುತ್ತದೆ. ಹಾಗಾಗಿ ಒಂದೇ ಮಿಕ್ಸರ್‌ನಲ್ಲಿ ಕೋಳಿ ಆಹಾರವನ್ನೂ ಕುದುರೆ ಆಹಾರವನ್ನೂ ಮಾಡುವ ಮಿಲ್ ಇದ್ದರೆ, ಮಧ್ಯದಲ್ಲಿ ಬರೀ ಜೋಳದ ಪುಡಿ ಓಡಿಸಿ ಮಿಕ್ಸರ್, ಎಲಿವೇಟರ್, ಪೈಪು ಎಲ್ಲ ತೊಳೆದ ಹಾಗೆ ಮಾಡಬೇಕು. ಇದಕ್ಕೆ ಫ್ಲಶಿಂಗ್ ಅನ್ನುತ್ತಿದ್ದೆವು. ಯುರೋಪಿನಲ್ಲಿ 2009ರಿಂದ ಇದಕ್ಕೊಂದು ಅಂಕಿಯೇ ಇದೆ. ಹಿಂದಿನ ಬ್ಯಾಚಿನ ಈ ಥರದ ಔಷಧಿ ಮುಂದಿನ ಬ್ಯಾಚಿಗೆ ಅಂಟಿಕೊಂಡು ಬಂದರೆ, ಸೂಕ್ಷ್ಮ ಪ್ರಾಣಿಗಳ ಆಹಾರದಲ್ಲಿ ಅದು ಮೂಲ ಪ್ರಮಾಣದ 1 ಪರ್ಸೆಂಟ್ ಮೀರಬಾರದು, ಉಳಿದವಕ್ಕೆ 3 ಪರ್ಸೆಂಟ್.

ಒಂದು ಸಂಜೆ ನಮ್ಮಲ್ಲಿ ಫ್ಲಶಿಂಗ್ ಆಗಲಿಲ್ಲ. ಮಿಕ್ಸರ್ ನೋಡಿಕೊಳ್ಳುತ್ತಿದ್ದ ಅಣ್ಣ ಹದಿನೈದು ವರ್ಷ ಅನುಭವ ಇದ್ದವರು, ಜಾಗರೂಕರು. ಆದರೆ ಹೊರಗೆ ಲಾರಿ ಕಾಯುತ್ತಿತ್ತು, ಮೇಲಿನಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಕುದುರೆ ಆಹಾರದ ಚೀಲಗಳಿಗೆ ಹೊಲಿಗೆ ಬಿದ್ದು ಲಾರಿಗೆ ಏರಿಸುವ ಹೊತ್ತಿಗೆ ನಾನು ಬ್ಯಾಚ್ ಪುಸ್ತಕ ತೆಗೆದೆ. ಫ್ಲಶಿಂಗ್ ಕಾಲಂನಲ್ಲಿ ಸಹಿ ಇಲ್ಲ. "ಅಣ್ಣ, ಇಲ್ಲಿ ಸಹಿ ಹಾಕಿಲ್ಲ" ಅಂದೆ. ಅವರು ಪುಸ್ತಕ ನೋಡಿದರು, ನನ್ನ ಮುಖ ನೋಡಿದರು, ಏನೂ ಮಾತಾಡದೆ ಹೋಗಿ ಲಾರಿ ನಿಲ್ಲಿಸಿದರು. ಅಷ್ಟೂ ಚೀಲ ವಾಪಸ್ ಇಳಿಸಿದೆವು. ಸಹಿ ಹಾಕಲೇಬೇಕು ಅನ್ನುವ ಆ ಕಾಲಂ ಅಲ್ಲಿ ಇಲ್ಲದಿದ್ದರೆ ಎಷ್ಟು ಕುದುರೆ ಸಾಯುತ್ತಿದ್ದವೋ ಅಂತ ಈಗಲೂ ಯೋಚನೆ ಬರುತ್ತದೆ. ಸರ್ಕಾರಿ ಪುಸ್ತಕ, ಸರ್ಕಾರಿ ಫಾರಂ ಅಂತ ಬೇಜಾರು ಪಡುವವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ನಮ್ಮದು ಲಾರಿ ಹೊರಡುವ ಮೊದಲೇ ಸಿಕ್ಕಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1973ರಲ್ಲಿ ಹಾಗಾಗಲಿಲ್ಲ. ಒಂದೇ ಕಂಪನಿ ಎರಡು ಪದಾರ್ಥ ತಯಾರಿಸುತ್ತಿತ್ತು. ಒಂದು ಮೆಗ್ನೀಸಿಯಂ ಆಕ್ಸೈಡ್, ಹಸುಗಳ ಆಹಾರಕ್ಕೆ ಹಾಕುವಂಥದ್ದು, ಹೆಸರು ನ್ಯೂಟ್ರಿಮಾಸ್ಟರ್. ಇನ್ನೊಂದು ಪ್ಲಾಸ್ಟಿಕ್‌ಗೆ ಬೆಂಕಿ ಹತ್ತದ ಹಾಗೆ ಬೆರೆಸುವ ಪಿಬಿಬಿ ಎಂಬ ರಾಸಾಯನಿಕ, ಹೆಸರು ಫೈರ್‌ಮಾಸ್ಟರ್. ಚೀಲಗಳು ಅದಲುಬದಲಾದವು. ಬೆಂಕಿ ತಡೆಯುವ ರಾಸಾಯನಿಕ ಪಶು ಆಹಾರದ ಮಿಲ್‌ಗೆ ಹೋಯಿತು, ಅಲ್ಲಿಂದ ಕೊಟ್ಟಿಗೆಗಳಿಗೆ. ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಗೊರಸು ವಿಕಾರವಾಗಿ ಬೆಳೆದವು. ಕಾರಣ ಏನು ಅಂತ ಗೊತ್ತಾಗಿದ್ದು 1974ರ ವಸಂತದಲ್ಲಿ. ಅಷ್ಟು ಹೊತ್ತಿಗೆ ತಿಂಗಳುಗಟ್ಟಲೆ ಜನ ಆ ಹಾಲು, ಮಾಂಸ, ಮೊಟ್ಟೆ ತಿಂದಾಗಿತ್ತು. ಸುಮಾರು 30,000 ದನ, 15 ಲಕ್ಷ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಇದು ಶುರುವಾಗಿದ್ದು ಎರಡು ಹೆಸರು ಒಂದೇ ಥರ ಇದ್ದದ್ದರಿಂದ, ಒಳಗಿರುವುದು ಏನು ಅಂತ ಯಾರೂ ಪರೀಕ್ಷೆ ಮಾಡದೆ ಹೊರಗಿನ ಹೆಸರು ನಂಬಿದ್ದರಿಂದ.

ಆದರೆ ಇವು ತಪ್ಪಿನಿಂದ ಆಗುವಂಥವು. ತಪ್ಪು ತಡೆಯುವ ಕಾನೂನು ಬರೆಯುವುದು ಅಷ್ಟು ಕಷ್ಟ ಅಲ್ಲ. ಪರೀಕ್ಷೆ, ದಾಖಲೆ, ಪ್ರತ್ಯೇಕ ಗೋದಾಮು, ಮಾದರಿ ತೆಗೆದಿಡುವುದು. ಇದಕ್ಕೆ ಯಾರ ತಕರಾರೂ ಇರುವುದಿಲ್ಲ. ಕಷ್ಟ ಬರುವುದು ಯಾರೂ ತಪ್ಪು ಮಾಡದೇ ಇರುವಾಗ. ಚೀಟಿಯಲ್ಲಿ ಬರೆದಿದ್ದೇ ಒಳಗೆ ಇದೆ, ಎಲ್ಲ ನಿಯಮದ ಪ್ರಕಾರ ಇದೆ, ಆದರೂ ಹಾನಿ ಆಗುತ್ತಿದೆ. ಆಂಟಿಬಯಾಟಿಕ್‌ಗಳ ಕಥೆ ಈ ಥರದ್ದು.

1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್, ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ಇಬ್ಬರು ಕೋಳಿ ಮರಿಗಳಿಗೆ ವಿಟಮಿನ್ ಬಿ12 ಎಲ್ಲಿಂದ ಅಗ್ಗವಾಗಿ ಸಿಗುತ್ತದೆ ಅಂತ ಹುಡುಕುತ್ತಿದ್ದರು. ಕ್ಲೋರ್‌ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ತಯಾರಿಸಿದ ಮೇಲೆ ಉಳಿಯುವ ಚರಟವನ್ನು ಮರಿಗಳಿಗೆ ತಿನ್ನಿಸಿದರು. ಮರಿಗಳು ಬಿ12 ಕೊಟ್ಟಾಗ ಬೆಳೆಯುವುದಕ್ಕಿಂತ ಜಾಸ್ತಿ ಬೆಳೆದವು. ಚರಟದಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಈ ಕೆಲಸ ಮಾಡಿತ್ತು. 1951ರಲ್ಲಿ ಅಮೆರಿಕ ಸರ್ಕಾರ ಪಶುವೈದ್ಯರ ಚೀಟಿ ಇಲ್ಲದೆ ಆಂಟಿಬಯಾಟಿಕ್‌ಗಳನ್ನು ಆಹಾರದಲ್ಲಿ ಬೆರೆಸಲು ಒಪ್ಪಿಗೆ ಕೊಟ್ಟಿತು. ಟನ್‌ಗೆ ಕೆಲವೇ ಗ್ರಾಂ. ರೋಗ ವಾಸಿ ಮಾಡುವಷ್ಟು ಅಲ್ಲ, ಬೆಳವಣಿಗೆ ಚುರುಕಾಗುವಷ್ಟು. ಆ ಉದ್ದೇಶಕ್ಕೆ ಇಟ್ಟ ಹೆಸರು "ಬೆಳವಣಿಗೆ ವರ್ಧಕ".

ಕಡಿಮೆ ಡೋಸ್, ದಿನಾ, ಸಾವಿರಾರು ಪ್ರಾಣಿಗಳಿಗೆ, ವಾರಗಟ್ಟಲೆ. ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ. 1976ರಲ್ಲಿ ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ ಮತ್ತು ಅವರ ತಂಡ ಒಂದು ಸಾಕಣೆ ಮನೆಯಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ಕೋಳಿ ಮರಿಗಳಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಬೆರೆಸಿದ ಆಹಾರ, ಕೆಲವಕ್ಕೆ ಬೆರೆಸದ ಆಹಾರ. ಔಷಧಿ ತಿಂದ ಮರಿಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ವಾರದಲ್ಲಿ ಆ ಔಷಧಿಗೆ ಬಗ್ಗದಂತಾದವು. ಮುಂದೆ ಇನ್ನೂ ಬೇರೆ ಔಷಧಿಗಳಿಗೂ. ಐದಾರು ತಿಂಗಳಲ್ಲಿ ಆ ಮನೆಯವರ ಕರುಳಲ್ಲೂ ಅಂಥ ಬ್ಯಾಕ್ಟೀರಿಯಾ ಅಕ್ಕಪಕ್ಕದ ಮನೆಯವರಿಗಿಂತ ಎಷ್ಟೋ ಜಾಸ್ತಿ ಕಂಡವು. ಆ ಮನೆಯವರು ಔಷಧಿ ತಿಂದಿರಲಿಲ್ಲ. ಕೋಳಿಗಳ ಜೊತೆ ಇದ್ದರು, ಅಷ್ಟೇ.

ಮರುವರ್ಷ, 1977ರಲ್ಲಿ, ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪೆನಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್‌ಗಳನ್ನು ಪಶು ಆಹಾರದಿಂದ ತೆಗೆಯಬೇಕು ಅಂತ ಪ್ರಸ್ತಾಪ ಇಟ್ಟಿತು. ಸಂಸತ್ತಿನಿಂದ ಇನ್ನಷ್ಟು ಅಧ್ಯಯನ ಬೇಕು ಅನ್ನುವ ಒತ್ತಡ ಬಂತು. ಪ್ರಸ್ತಾಪ ಹಾಗೇ ಕೂತಿತು. ಬೆಳವಣಿಗೆಗಾಗಿ ಬಳಸುವುದು ಅಲ್ಲಿ ನಿಂತಿದ್ದು 2017ರ ಜನವರಿ 1ಕ್ಕೆ. ನಲವತ್ತು ವರ್ಷ! ಒಂದು ತಲೆಮಾರು ವಿಜ್ಞಾನಿಗಳು ಕೆಲಸಕ್ಕೆ ಸೇರಿ ನಿವೃತ್ತರಾಗುವಷ್ಟು ಕಾಲ.

ಬ್ರಿಟನ್ ಮೊದಲೇ ಎಚ್ಚೆತ್ತಿತ್ತು. 1969ರ ಸ್ವಾನ್ ಸಮಿತಿಯ ವರದಿ ಒಂದು ಗೆರೆ ಎಳೆಯಿತು. ಮನುಷ್ಯರ ಚಿಕಿತ್ಸೆಗೆ ಬೇಕಾದ ಆಂಟಿಬಯಾಟಿಕ್ ಬೆಳವಣಿಗೆಗೆ ಬೇಡ, ಮನುಷ್ಯರಿಗೆ ಬಳಸದವು ಇರಲಿ ಅಂತ. ಕೇಳಲು ಸರಿಯಾಗಿದೆ. ನಾನೂ ಬಹಳ ವರ್ಷ ಇದೇ ಸರಿ ಅಂದುಕೊಂಡಿದ್ದೆ. ಆದರೆ ಗೆರೆ ಎಳೆದಿದ್ದು ಹೆಸರುಗಳ ಮೇಲೆ. ಅವೊಪಾರ್ಸಿನ್ ಅನ್ನುವ ಔಷಧಿಯನ್ನು ಮನುಷ್ಯರಿಗೆ ಕೊಡುತ್ತಿರಲಿಲ್ಲ, ಹಾಗಾಗಿ ಅದು ಯುರೋಪಿನ ಕೋಳಿ ಹಂದಿಗಳ ಆಹಾರಕ್ಕೆ ಆರಾಮಾಗಿ ಸೇರಿತು. ಅದರ ಹತ್ತಿರದ ಸಂಬಂಧಿ ವ್ಯಾಂಕೋಮೈಸಿನ್. ಆಸ್ಪತ್ರೆಯಲ್ಲಿ ಬೇರೆ ಔಷಧಿ ಕೈಕೊಟ್ಟಾಗ ಕೊಡುವಂಥದ್ದು. ಬ್ಯಾಕ್ಟೀರಿಯಾಗೆ ಪಟ್ಟಿ ಓದಲು ಬರುವುದಿಲ್ಲ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೂ ಬಗ್ಗಲಿಲ್ಲ. ಆರೋಗ್ಯವಾಗಿದ್ದ ಕೋಳಿಗಳಲ್ಲಿ, ಆಸ್ಪತ್ರೆ ಮೆಟ್ಟಿಲು ಹತ್ತದ ಜನರಲ್ಲಿ ವ್ಯಾಂಕೋಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕವು. ಡೆನ್ಮಾರ್ಕ್ 1995ರಲ್ಲಿ ಅವೊಪಾರ್ಸಿನ್ ನಿಷೇಧಿಸಿತು, ಯುರೋಪಿಯನ್ ಒಕ್ಕೂಟ 1997ರಲ್ಲಿ. 1999ರಲ್ಲಿ ಇನ್ನೂ ನಾಲ್ಕು ಹೋದವು. 2006ರ ಜನವರಿ 1ರಿಂದ ಬೆಳವಣಿಗೆಗೆ ಅಂತ ಯಾವ ಆಂಟಿಬಯಾಟಿಕ್ಕೂ ಇಲ್ಲ. ಸ್ವೀಡನ್ ಅಂತೂ 1986ರಲ್ಲೇ ಇದನ್ನು ಮಾಡಿ ಮುಗಿಸಿತ್ತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ನನ್ನ ಮಾತು ಶುರುವಾಗುವುದೇ ಇಲ್ಲಿಂದ.

ನೆದರ್ಲೆಂಡ್ಸ್ ನೋಡಿ. ಬೆಳವಣಿಗೆ ವರ್ಧಕಗಳು ಒಂದೊಂದಾಗಿ ಹೋಗುತ್ತಿದ್ದ ಅದೇ ವರ್ಷಗಳಲ್ಲಿ ಅಲ್ಲಿ "ಚಿಕಿತ್ಸೆಗೆ" ಅಂತ ಪಶುವೈದ್ಯರು ಬರೆದುಕೊಡುವ ಆಂಟಿಬಯಾಟಿಕ್ ಏರುತ್ತಾ ಹೋಯಿತು. ಒಟ್ಟು ಪ್ರಮಾಣ ಇಳಿಯಲೇ ಇಲ್ಲ. ಚೀಟಿಯಲ್ಲಿ ಪದ ಬದಲಾಗಿತ್ತು, ಪ್ರಾಣಿಯ ಹೊಟ್ಟೆಗೆ ಹೋಗುವ ಗ್ರಾಂ ಬದಲಾಗಿರಲಿಲ್ಲ. ಯಾರೂ ಕಾನೂನು ಮುರಿದಿರಲಿಲ್ಲ. ಕಾನೂನು ಕೇಳಿದ್ದು ಯಾಕೆ ಹಾಕುತ್ತೀರಿ ಅಂತ. ಎಷ್ಟು ಹಾಕುತ್ತೀರಿ ಅಂತ ಕೇಳಿರಲಿಲ್ಲ. ಅಷ್ಟರಲ್ಲಿ ಹಂದಿ ಸಾಕುವ ಕುಟುಂಬಗಳಲ್ಲಿ ಎಂಆರ್‌ಎಸ್‌ಎ ಎಂಬ, ಹಲವು ಔಷಧಿಗಳಿಗೆ ಬಗ್ಗದ ಹಠಮಾರಿ ಬ್ಯಾಕ್ಟೀರಿಯಾ ಕಾಣಿಸಿಕೊಂಡು ಆಸ್ಪತ್ರೆಗಳು ಗಾಬರಿಯಾದವು.

ಆಮೇಲೆ ಅವರು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಅಂಕಿ ಇಟ್ಟರು. 2009ನ್ನು ಲೆಕ್ಕಕ್ಕೆ ಹಿಡಿದು 2011ಕ್ಕೆ 20 ಪರ್ಸೆಂಟ್, 2013ಕ್ಕೆ 50 ಪರ್ಸೆಂಟ್ ಇಳಿಸಬೇಕು ಅಂದರು. ಯಾವ ಫಾರಂಗೆ ಎಷ್ಟು ಔಷಧಿ ಹೋಯಿತು, ಯಾವ ವೈದ್ಯರು ಬರೆದರು, ಎಲ್ಲ ದಾಖಲಾಗಬೇಕು. ಒಂದು ಫಾರಂನವರು ತಮ್ಮ ಲೆಕ್ಕವನ್ನು ಅದೇ ಥರದ ಬೇರೆ ಫಾರಂಗಳ ಲೆಕ್ಕದ ಪಕ್ಕ ಇಟ್ಟು ನೋಡುವ ಹಾಗಾಯಿತು. 2013ರ ಹೊತ್ತಿಗೆ ಮಾರಾಟ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಡೆನ್ಮಾರ್ಕ್ 2010ರಿಂದ ಹಂದಿ ಸಾಕುವವರಿಗೆ ಹಳದಿ ಕಾರ್ಡ್ ಕೊಡಲು ಶುರು ಮಾಡಿತು. ಸರಾಸರಿಯ ಎರಡು ಪಟ್ಟು ಮೀರಿ ಬಳಸಿದರೆ ಎಚ್ಚರಿಕೆ. ಎರಡೂ ದೇಶಗಳು ಇವತ್ತಿಗೂ ಹಂದಿ ಮಾಂಸ ರಫ್ತು ಮಾಡುತ್ತಿವೆ. ಉದ್ಯಮ ಮುಳುಗಿಹೋಗುತ್ತದೆ ಅಂತ ಹೇಳಿದವರ ಮಾತು ನಿಜವಾಗಲಿಲ್ಲ.

ಅಮೆರಿಕದಲ್ಲಿ 2017ರಲ್ಲಿ ಬೆಳವಣಿಗೆಯ ಮಾತು ಲೇಬಲ್‌ನಿಂದ ಹೋಯಿತು, ಪಶುವೈದ್ಯರ ಅನುಮತಿ ಕಡ್ಡಾಯವಾಯಿತು. ಮನುಷ್ಯರಿಗೂ ಮುಖ್ಯವಾದ ಔಷಧಿಗಳ ಮಾರಾಟ ಒಂದೇ ವರ್ಷದಲ್ಲಿ 33 ಪರ್ಸೆಂಟ್ ಬಿತ್ತು. ದೊಡ್ಡ ಸಾಧನೆಯೇ. ಮರುವರ್ಷ 9 ಪರ್ಸೆಂಟ್ ಮತ್ತೆ ಏರಿತು. ಆಗಲೂ "ರೋಗ ತಡೆಗೆ" ಅನ್ನುವ ಪದ ಲೇಬಲ್‌ನಲ್ಲಿ ಉಳಿದಿತ್ತು, ಕೆಲವು ಔಷಧಿಗಳಿಗೆ ಎಷ್ಟು ದಿನ ಕೊಡಬಹುದು ಅನ್ನುವ ಮಿತಿಯೂ ಇರಲಿಲ್ಲ. ಅಲ್ಲಿ ಲೆಕ್ಕ ಇಡುವುದು ಮಾರಾಟವನ್ನು. ಯಾವ ಫಾರಂನಲ್ಲಿ, ಯಾವ ರೋಗಕ್ಕೆ ಅನ್ನುವುದು ಆ ಲೆಕ್ಕದಲ್ಲಿ ಕಾಣುವುದಿಲ್ಲ.

ರೈತರನ್ನು ಬೈಯುವುದು ನನ್ನ ಉದ್ದೇಶ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮೂರು ನಾಲ್ಕು ವಾರದ ಹಂದಿ ಮರಿಯನ್ನು ತಾಯಿಯಿಂದ ಬಿಡಿಸಿದಾಗ ಅದಕ್ಕೆ ಭೇದಿ ಹತ್ತುತ್ತದೆ. ನೂರಾರು ಮರಿ ಒಟ್ಟಿಗೆ ಒಣಗಿ ಹೋಗುತ್ತಿರುವಾಗ "ಬ್ಯಾಕ್ಟೀರಿಯಾ ಪ್ರತಿರೋಧ" ಅಂತ ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಸ್ವೀಡನ್‌ನಲ್ಲಿ, ಡೆನ್ಮಾರ್ಕ್‌ನಲ್ಲಿ ನಿಷೇಧದ ನಂತರ ಪೆಟ್ಟು ಬಿದ್ದದ್ದು ಈ ಮರಿಗಳಿಗೇ, ಕೋಳಿಗಳಿಗೆ ಅಷ್ಟಾಗಿ ಬೀಳಲಿಲ್ಲ. ಪರಿಹಾರ ಗೊತ್ತಿದೆ: ತಾಯಿ ಜೊತೆ ಇನ್ನೂ ಕೆಲವು ದಿನ, ಹೆಚ್ಚು ಜಾಗ, ಸ್ವಚ್ಛತೆ, ಲಸಿಕೆ, ಹೊಟ್ಟೆಗೆ ಹಗುರಾದ ಆಹಾರ. ಎಲ್ಲಕ್ಕೂ ದುಡ್ಡು, ಜಾಗ, ಕೈಯಾಳು ಬೇಕು. ಔಷಧಿ ಬೆರೆಸಿದ ಆಹಾರ ಅಗ್ಗ. ನಿಷೇಧ ಬರೆಯುವ ಸರ್ಕಾರ ಈ ಬದಲಾವಣೆಗೂ ಹಣ ಇಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ಮರಿಗಳಿಗೆ ಯುರೋಪಿನಲ್ಲಿ ಬಹಳ ವರ್ಷ ಆಸರೆಯಾಗಿದ್ದು ಸತುವಿನ ಆಕ್ಸೈಡ್. ಇಲ್ಲೂ ಅದೇ ಕಥೆ. ಕಿಲೋ ಆಹಾರಕ್ಕೆ 150 ಮಿಲಿಗ್ರಾಂ ತನಕ ಸತು ಇದ್ದರೆ ಅದು ಪೋಷಕಾಂಶ. 2,500 ಮಿಲಿಗ್ರಾಂ ಇದ್ದರೆ ಔಷಧಿ, ಎರಡು ವಾರ ಮಾತ್ರ. ಭೇದಿ ನಿಲ್ಲುತ್ತಿತ್ತು, ನಿಜ. ಆದರೆ ತಿಂದ ಸತುವಿನ ಬಹುಪಾಲು ಗೊಬ್ಬರದ ಮೂಲಕ ಹೊಲಕ್ಕೆ ಹೋಗುತ್ತದೆ, ಮಣ್ಣಲ್ಲೇ ಕೂರುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಸತುವನ್ನು ತಡೆದುಕೊಳ್ಳುವ ಗುಣವೂ ಆಂಟಿಬಯಾಟಿಕ್ ತಡೆದುಕೊಳ್ಳುವ ಗುಣವೂ ಎಷ್ಟೋ ಸಲ ಜೊತೆಜೊತೆಗೇ ಬರುತ್ತವೆ. 2022ರ ಜೂನ್‌ನಲ್ಲಿ ಔಷಧಿಯಾಗಿ ಸತು ಬಳಸುವುದು ಅಲ್ಲಿ ನಿಂತಿತು.

ಕೊಲಿಸ್ಟಿನ್ ವಿಷಯದಲ್ಲಿ ಮಾತ್ರ ಸರ್ಕಾರಗಳು ಬೇಗ ಎದ್ದವು. ಅದು ಆಸ್ಪತ್ರೆಗಳಲ್ಲಿ ಕೊನೆಯ ಅಸ್ತ್ರ. 2015ರ ನವೆಂಬರ್‌ನಲ್ಲಿ ಚೀನಾದ ಸಂಶೋಧಕರು ಅದಕ್ಕೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಾಗಿಸುವ ಎಂಸಿಆರ್-1 ಎಂಬ ಜೀನ್ ಅನ್ನು ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಕಂಡರು. ಎರಡು ವರ್ಷದೊಳಗೆ ಚೀನಾ ಅದನ್ನು ಬೆಳವಣಿಗೆಗೆ ಬಳಸುವುದು ನಿಲ್ಲಿಸಿತು. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಪೂರ್ತಿ ನಿಷೇಧಿಸಿತು. ಮನಸ್ಸು ಮಾಡಿದರೆ ನಲವತ್ತು ವರ್ಷ ಬೇಕಾಗಿಲ್ಲ.

ಈಗ ಹೊಸ ಥರದ ಅಡಿಟಿವ್ ಬಂದಿದೆ. 3-ಎನ್‌ಒಪಿ, ಮಾರುಕಟ್ಟೆ ಹೆಸರು ಬೊವೇರ್. ಹಸುವಿನ ಹೊಟ್ಟೆಯಲ್ಲಿ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಆಗುವ ಕೊನೆಯ ಹಂತದ ಕಿಣ್ವವನ್ನು ತಡೆಯುತ್ತದೆ, ಹಾಲು ಕೊಡುವ ಹಸುಗಳಲ್ಲಿ ಮೀಥೇನ್ ಸುಮಾರು 30 ಪರ್ಸೆಂಟ್ ಇಳಿಯುತ್ತದೆ. ಯುರೋಪಿನಲ್ಲಿ ಇದು ಫೀಡ್ ಅಡಿಟಿವ್, 2022ರಲ್ಲಿ ಒಪ್ಪಿಗೆ. ಅಲ್ಲಿನ ಒಪ್ಪಿಗೆ ಹತ್ತು ವರ್ಷಕ್ಕೆ ಮಾತ್ರ, ಆಮೇಲೆ ಕಂಪನಿ ಮತ್ತೆ ದಾಖಲೆ ಹಿಡಿದು ಬರಬೇಕು. ಇದು ಒಳ್ಳೆಯ ನಿಯಮ. ಅಮೆರಿಕದಲ್ಲಿ ಅದೇ ಪುಡಿಯನ್ನು ಔಷಧಿ ಅಂತ ನೋಡಿದರು, 2024ರಲ್ಲಿ ಪರಿಶೀಲನೆ ಮುಗಿಯಿತು. 2024ರ ಕೊನೆಯಲ್ಲಿ ಬ್ರಿಟನ್‌ನಲ್ಲಿ ಕೆಲವರು ಈ ಪುಡಿ ತಿಂದ ಹಸುಗಳ ಹಾಲು ಬೇಡ ಅಂತ ಹಾಲನ್ನು ಚರಂಡಿಗೆ ಸುರಿದು ವಿಡಿಯೋ ಹಾಕಿದರು. ಅಂಕಿಅಂಶ ನೋಡಿದ ನನಗೆ ಆ ಭಯ ಸರಿ ಅನ್ನಿಸುವುದಿಲ್ಲ. ಆದರೆ ಅವರನ್ನು ಸುಮ್ನೆ ದಡ್ಡರು ಅಂದುಬಿಡಲೂ ಮನಸ್ಸಿಲ್ಲ. ಚೀಟಿಯಲ್ಲಿನ ಪದ ನಂಬಿ ಅಂತ ಹೇಳಿ ಹೇಳಿ, ಪದದ ಹಿಂದೆ ಎಷ್ಟು ಗ್ರಾಂ ಇದೆ ಅಂತ ದಶಕಗಟ್ಟಲೆ ತೋರಿಸದೇ ಇದ್ದರೆ ನಂಬಿಕೆ ಎಲ್ಲಿಂದ ಬರಬೇಕು?

ಯುರೋಪಿನ ದೇಶಗಳು 2023ರ ಬಳಕೆಯಿಂದ ಶುರು ಮಾಡಿ ದನ, ಹಂದಿ, ಕೋಳಿ, ಟರ್ಕಿ ಹೀಗೆ ಪ್ರಾಣಿವಾರು ಲೆಕ್ಕ ಕೊಡಲೇಬೇಕು. ಇದು ನನಗೆ 2006ರ ನಿಷೇಧಕ್ಕಿಂತ ದೊಡ್ಡ ಹೆಜ್ಜೆ ಅನ್ನಿಸುತ್ತದೆ.

ಅದಕ್ಕೇ 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಆಗಿದ್ದು ಓದಿ ನನಗೆ ತುಂಬಾ ಬೇಸರವಾಯಿತು. ಔಷಧಿಗಳಿಗೆ ಬಗ್ಗದ ಸೋಂಕುಗಳ ಬಗ್ಗೆ ಎಲ್ಲ ದೇಶಗಳೂ ಸೇರಿ ಒಂದು ಘೋಷಣೆ ಒಪ್ಪಿದವು. ಮನುಷ್ಯರ ವಿಷಯದಲ್ಲಿ ಅಂಕಿ ಇದೆ: ಈ ಸೋಂಕುಗಳಿಗೆ ಸಂಬಂಧಿಸಿದ ಸಾವು 2019ರಲ್ಲಿ 49.5 ಲಕ್ಷ ಇತ್ತು, 2030ಕ್ಕೆ 10 ಪರ್ಸೆಂಟ್ ಇಳಿಸಬೇಕು. ಪ್ರಾಣಿ ಮತ್ತು ಕೃಷಿ ವಿಷಯದಲ್ಲೂ ಮೊದಲಿನ ಕರಡಿನಲ್ಲಿ ಅಂಕಿ ಇತ್ತು, ಬಳಕೆ ಕನಿಷ್ಠ 30 ಪರ್ಸೆಂಟ್ ಇಳಿಸಬೇಕು ಅಂತ. ಕೊನೆಯ ಪ್ರತಿಯಲ್ಲಿ ಆ 30 ಇಲ್ಲ. ಅದರ ಜಾಗದಲ್ಲಿ "ಅರ್ಥಪೂರ್ಣವಾಗಿ" ಇಳಿಸಲು ಶ್ರಮಿಸುತ್ತೇವೆ ಅಂತ ಬರೆದಿದೆ.